ಕುದಿಸಿ ಆರಿಸಿದ ನೀರು

ಶಿಶುವಿಹಾರದ ಆಯಾಳಿಗೆ ಪೊಲೀಸಮ್ಮ ಎಂದು ಹೆಸರಿಟ್ಟವರು ಯಾರೋ, ಸರಿಯಾಗಿಯೇ ಇಟ್ಟಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅದೇ ಎರಡು ಕೋಣೆಗಳಲ್ಲಿ ಕಂಡವರ ಮಕ್ಕಳ ಮೂಗೊರೆಸಿ, ಚಡ್ಡಿ ಬದಲಿಸಿ, ತಟ್ಟಿ ಮಲಗಿಸಿದವಳು ಆಕೆ. ಆ ಮಕ್ಕಳನ್ನು ಬಿಟ್ಟರೆ ಭೂಮಿಯ ಮೇಲೆ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ತಾಯಂದಿರು ಜ್ವರ ಮುಚ್ಚಿಟ್ಟು ಮಗುವನ್ನು ಬಿಟ್ಟು ಹೋಗುತ್ತಾರೆ, ಗೋಡೆ ಗಡಿಯಾರ ಕೂಡ ಬೇಕೆಂದೇ ನಿಧಾನ ಓಡುತ್ತದೆ. ನಲ್ಲಿ ನೀರಿನ ಮಾತಂತೂ ಎತ್ತುವ ಹಾಗೇ ಇಲ್ಲ. ದಿನಾ ದೊಡ್ಡ ಪಾತ್ರೆಯಲ್ಲಿ ಕೊತಕೊತ ಕುದಿಸಿ, ತಟ್ಟೆ ಮುಚ್ಚಿ ಆರಿಸಿದ ಮೇಲೆಯೇ ಮಕ್ಕಳಿಗೆ ನೀರು ಕೊಡುತ್ತಿದ್ದಳು.

ಅಂಥ ಕಡೆಯೇ ವಾಂತಿಭೇದಿ ಶುರುವಾಯಿತು ನೋಡಿ. ಸೋಮವಾರ ಒಂದು ಮಗು, ಬುಧವಾರದ ಹೊತ್ತಿಗೆ ನಾಲ್ಕು. ಪೊಲೀಸಮ್ಮ ಕೈ ತೊಳೆದುಕೊಂಡು ಹೊಸ ಅಡುಗೆಯವಳ ಬೆನ್ನು ಬಿದ್ದಳು. ಬಂದು ಮೂರು ತಿಂಗಳಾಗಿಲ್ಲ, ಸದಾ ಏನೋ ಗುನುಗುತ್ತಿರುತ್ತಾಳೆ, ಇವಳನ್ನು ನಂಬುವುದು ಹೇಗೆ? ಯಾರಿಗೂ ತಿಳಿಯದ ಹಾಗೆ, ತೊಟ್ಟಿಯ ಪಕ್ಕದ ಕೈ ತೊಳೆಯುವ ಸೋಪಿನ ಮೇಲೆ ಪಿನ್ನಿನಿಂದ ಒಂದು ಸಣ್ಣ ಗೆರೆ ಎಳೆದಿಟ್ಟಳು. ಯಾರಾದರೂ ಉಜ್ಜಿದರೆ ತಾನೇ ಗೆರೆ ಅಳಿಯುವುದು.

ಶುಕ್ರವಾರವೂ ಗೆರೆ ಹಾಗೇ ಇತ್ತು.

"ನೋಡಿ ಮೇಡಂ, ಎರಡು ದಿನದಿಂದ ಸೋಪು ಮುಟ್ಟಿಲ್ಲ ಇವಳು" ಎಂದು ಮೇಲ್ವಿಚಾರಕಿಯ ಮುಂದೆ ಸೋಪು ಹಿಡಿದಳು.

"ನಾನು ಪಾತ್ರೆ ಸೋಪಲ್ಲೇ ಕೈ ತೊಳ್ಕೋತೀನಿ ಅಕ್ಕ" ಎಂದಳು ಅಡುಗೆಯವಳು. ಯಾರು ಕೇಳುತ್ತಾರೆ? ಅವಳನ್ನು ಆ ದಿನವೇ ಮನೆಗೆ ಕಳಿಸಿದರು.

ಅದೇ ಸಂಜೆ, ಶಿಶುವಿಹಾರಕ್ಕೇ ಬರುತ್ತಿದ್ದ ಪೊಲೀಸಮ್ಮನ ಸ್ವಂತ ಮೊಮ್ಮಗಳು ವಾಂತಿಭೇದಿಗೆ ಮಲಗಿಬಿಟ್ಟಳು. ಎರಡು ವರ್ಷದ ಕೂಸು. ಕಣ್ಣು ಗುಳಿಬಿದ್ದು, ಅತ್ತರೆ ಕಣ್ಣೀರೂ ಬರುತ್ತಿರಲಿಲ್ಲ. ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಿದರು. ಹೋಗುವಾಗ ಆ ಹಾಳಾದ ಅಡುಗೆಯವಳು ಏನೋ ಮಾಡಿಟ್ಟೇ ಹೋಗಿದ್ದಾಳೆ ಎಂದು ಪೊಲೀಸಮ್ಮ ಶನಿವಾರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೂಸಿ ನೋಡಿದಳು.

ಸೋಮವಾರ ಆರೋಗ್ಯ ಇಲಾಖೆಯ ನರ್ಸ್ ಬಂದಳು. ಇವಳ ಮೇಲೂ ಪೊಲೀಸಮ್ಮನಿಗೆ ಅನುಮಾನವೇ. ಇಷ್ಟು ಚಿಕ್ಕ ವಯಸ್ಸಿಗೆ ಏನು ಗೊತ್ತಿರುತ್ತದೆ?

"ಅಮ್ಮ, ದಿನಾ ಏನೇನು ಮಾಡ್ತೀರೋ ಹಾಗೇ ಮಾಡಿ. ನಾನು ಸುಮ್ಮನೆ ನೋಡ್ತೀನಿ."

ಪೊಲೀಸಮ್ಮ ಮಾಡಿದಳು. ಒಂದು ಮಗುವಿನ ಒದ್ದೆ ಚಡ್ಡಿ ಬದಲಿಸಿದಳು, ಮಗ್ಗಿನಿಂದ ಕೈಗೆ ನೀರು ಸುರಿದುಕೊಂಡು ಸೆರಗಿಗೆ ಒರೆಸಿದಳು. ಪಾತ್ರೆಯ ತಟ್ಟೆ ಸರಿಸಿದಳು. ಮಕ್ಕಳ ನಾಲಿಗೆ ಸುಡಬಾರದಲ್ಲ, ನೀರು ಆರಿದೆಯೇ ಎಂದು ಎಂದಿನಂತೆ ಬೆರಳು ಅದ್ದಿದಳು.

"ದಿನಾ ಹೀಗೇನಾ?" ನರ್ಸ್ ಮೆಲ್ಲಗೆ ಕೇಳಿದಳು.

"ಮತ್ತೆ? ಬಿಸಿ ನೋಡದೆ ಕೊಡಕ್ಕಾಗುತ್ತಾ?"

"ಕುದಿಸಿದಾಗ ವೈರಸ್ ಸತ್ತಿರುತ್ತೆ ಅಮ್ಮ. ಆದರೆ ಭೇದಿಯಾದ ಮಗುವಿನಿಂದ ಕೈಗೆ ಹತ್ತುತ್ತೆ, ಆ ಕೈಯಿಂದ ಮತ್ತೆ ನೀರಿಗೆ ಬರುತ್ತೆ. ಕಣ್ಣಿಗೆ ಕಾಣೋದೇ ಇಲ್ಲ. ಬರೀ ನೀರಿಗೆ ಪೂರ್ತಿ ಹೋಗಲ್ಲ, ಸೋಪು ಹಾಕಿ ಉಜ್ಜಬೇಕು. ನಿಮ್ಮ ಸೋಪು ಎಲ್ಲಿ?"

ಪೊಲೀಸಮ್ಮ ಸೋಪು ತಂದಳು. ಅಡುಗೆಯವಳು ಹೋಗಿ ಮೂರು ದಿನವಾಗಿತ್ತು. ಗೆರೆ ಇನ್ನೂ ಅಲ್ಲೇ ಇತ್ತು.

ಆಕೆ ಪಾತ್ರೆಯ ನೀರನ್ನೆಲ್ಲ ಮೋರಿಗೆ ಸುರಿದು, ಮೇಲ್ವಿಚಾರಕಿಯ ಮುಂದೆ ನಿಂತು, "ಅವಳದಲ್ಲ ತಪ್ಪು, ನನ್ನದು. ಅವಳನ್ನ ವಾಪಸ್ ಕರೀರಿ" ಎಂದು ಹೇಳಿ ನೇರ ಆಸ್ಪತ್ರೆಗೆ ನಡೆದಳು.

ಮಗಳು ಮಂಚದ ಪಕ್ಕದಲ್ಲಿ ಲೋಟ ಹಿಡಿದು ಕೂತಿದ್ದಳು. ಕೂಸಿನ ಕಣ್ಣಿಗೆ ಸ್ವಲ್ಪ ಕಳೆ ಬಂದಿತ್ತು.

"ಈಗ ಕುಡಿದಿದ್ದು ನಿಲ್ತಾ ಇದೆ ಅಮ್ಮ. ಅದಿರಲಿ, ಈ ರೋಗ ಹಚ್ಚಿದ ಕಳ್ಳಿ ಸಿಕ್ಕಿಬಿದ್ದಳಾ?"

"ಸಿಕ್ಕಿಬಿದ್ದಳು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದಾಳೆ."

ಮಗಳಿಗೆ ಅರ್ಥವಾಗಲಿಲ್ಲ. ಲೋಟ ಮುಂದೆ ಚಾಚಿದಳು. "ಬಿಸಿ ಇದೆಯೇನೋ, ಬೆರಳಿಟ್ಟು ನೋಡು ಸ್ವಲ್ಪ."

ಪೊಲೀಸಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಮೊದಲು ಸೋಪು ಎಲ್ಲಿದೆ ಹೇಳು" ಎಂದಳು.