ಹೊದಿಸುವುದು ಬಳಿಯುವುದಲ್ಲ

ಈಗಿನವರ ಬಾಯಲ್ಲಿ ಎಲ್ಲವೂ ‘ಹಾಕ್ಕೊಳ್ಳೋದು’ ಆಗಿಬಿಟ್ಟಿರುವುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಸೀರೆ ಹಾಕ್ಕೊಳ್ತಾರೆ, ಹೂವು ಹಾಕ್ಕೊಳ್ತಾರೆ, ಚಪ್ಪಲಿ ಹಾಕ್ಕೊಳ್ತಾರೆ, ಕಡೆಗೆ ಕಂಬಳಿಯನ್ನೂ ಹಾಕ್ಕೊಂಡು ಮಲಗುತ್ತಾರೆ. ನಾನು ಎರಡನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕುರಿ ಹಿಂದೆ ಹೋದವಳು. ವ್ಯಾಕರಣವೆಂಬ ಮಹಾನುಭಾವನ ದರ್ಶನ ನನಗಾಗಿಲ್ಲ. ಆದರೂ ಸೀರೆ ಉಡುವುದು, ರವಿಕೆ ತೊಡುವುದು, ಹೂವು ಮುಡಿಯುವುದು, ಚಪ್ಪಲಿ ಮೆಟ್ಟುವುದು, ಕಂಬಳಿ ಹೊದೆಯುವುದು ಎಂಬಷ್ಟು ವಿವೇಕ ಮೈಯಲ್ಲೇ ಇದೆ. ಒಂದೊಂದಕ್ಕೂ ಅದರದೇ ಮಾತು ಕೊಟ್ಟ ಭಾಷೆಯನ್ನು ಹೀಗೆ ಒಂದೇ ಗೋಣಿಚೀಲಕ್ಕೆ ತುರುಕುವುದನ್ನು ಕೇಳಿದರೆ ಮೈ ಉರಿಯುತ್ತದೆ.

ಮೊಮ್ಮಗಳು ರತ್ನ ಸುಮ್ಮನಿರುವವಳಲ್ಲ. “ಹಂಗಾದ್ರೆ ನೀನು ಕನ್ನಡಕ ಏನ್ ಮಾಡ್ತೀಯಜ್ಜಿ? ಉಡ್ತೀಯಾ, ಮುಡೀತೀಯಾ?” ಎಂದು ಕೇಳಿದಳು. ಉತ್ತರ ಹೊಳೆಯದಿದ್ದಾಗ ರೇಗುವುದು ನನ್ನ ಹಳೆಯ ಪದ್ಧತಿ, ರೇಗಿದೆ.

ಮಾತು ತಪ್ಪಿದರೆ ಏನಾಗುತ್ತದೆಂದು ನಾನು ಮದುವೆಯಾದ ಹೊಸದರಲ್ಲೇ ಕಲಿತವಳು. ನಮ್ಮತ್ತೆ ದೇವಸಮುದ್ರದ ಕಡೆಯವರು, ಅವರ ಅರ್ಧ ಮಾತು ತೆಲುಗು. ಗಂಡನಿಗೆ ಜ್ವರ ಬಂದು ನಡುಗುತ್ತಿದ್ದಾಗ ಅತ್ತೆ ಒಲೆಯ ಮುಂದಿನಿಂದ “ಕಂಬಳಿ ಕಪ್ಪು!” ಎಂದು ಕೂಗಿದರು. ನಾನು ಕಂಬಳಿಯನ್ನು ತಿರುಗಿಸಿ ನೋಡಿ, “ಹೌದತ್ತೆ, ಕಪ್ಪೇ ಐತೆ” ಎಂದು ಭಕ್ತಿಯಿಂದ ಒಪ್ಪಿಕೊಂಡು ಅದನ್ನು ಹಿಡಿದುಕೊಂಡೇ ನಿಂತೆ. ತೆಲುಗಿನಲ್ಲಿ ಕಪ್ಪು ಎಂದರೆ ಹೊದಿಸು ಎಂದು ತಿಳಿಯುವಷ್ಟರಲ್ಲಿ ಗಂಡನ ಹಲ್ಲು ಕಟಕಟ ಎನ್ನುತ್ತಿದ್ದವು, ಅತ್ತೆಯ ಕೈಯಲ್ಲಿ ಸೌಟಿತ್ತು. ಅಂದಿನಿಂದ ಮಾತಿನ ಅರ್ಥ ಕೇಳದೆ ನಾನು ಯಾವುದಕ್ಕೂ ತಲೆಯಾಡಿಸುವುದಿಲ್ಲ.

ಈಗ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ನನ್ನಿವಾಳವೆಂಬ ಊರಿನ ಹತ್ತಿರ ನಮ್ಮದು ತಗಡಿನ ಮನೆ. ಬೇಸಗೆಯಲ್ಲಿ ಮಧ್ಯಾಹ್ನ ದಾಟಿತೆಂದರೆ ಪಡುವಣ ಗೋಡೆ ರೊಟ್ಟಿಯ ಹಂಚಾಗುತ್ತದೆ. ಕಂಬಳಿಗೂ ಬಾರದ ಒರಟು ಉಣ್ಣೆಯನ್ನು ಕುರಿಯ ಕೂದಲು ಕತ್ತರಿಸುವವರು ಬೇಲಿಗೆ ಎಸೆಯುತ್ತಿದ್ದರು. ಅದನ್ನು ತಂದು, ಬೇವಿನ ನೀರಲ್ಲಿ ನೆನೆಸಿ, ಹುಣಸೆ ಬೀಜದ ಗಂಜಿ ಕಲಸಿ, ಎರಡು ಹಲಗೆ ನಡುವೆ ಅದುಮಿ, ಮೂರು ಬಿಸಿಲು ಒಣಗಿಸಿದೆ. ಚಾಪೆಯಷ್ಟಗಲದ ಗಟ್ಟಿ ಹಲಗೆಯಾಯಿತು. ತಗಡಿಗೂ ಅದಕ್ಕೂ ನಾಲ್ಕು ಬೆರಳು ಗಾಳಿ ಬಿಟ್ಟು ಹೊರಗಿನಿಂದ ಹಗ್ಗದಲ್ಲಿ ಕಟ್ಟಿದೆ. ಮಧ್ಯಾಹ್ನ ಒಳಗೆ ಕೂರುವಂತಾಯಿತು. ಮಳೆಗಾಲಕ್ಕೆ ಬಿಚ್ಚಿಟ್ಟು, ಚಳಿ ಕಳೆದ ಮೇಲೆ ಮತ್ತೆ ಕಟ್ಟುವುದು. ನನ್ನದನ್ನು ನೋಡಿ ನಮ್ಮ ಸಂಘದ ಏಳು ಹೆಂಗಸರೂ ಮಾಡತೊಡಗಿದರು. ಅಷ್ಟರಲ್ಲಿ ಶೆಡ್ಡು ಕಟ್ಟುವ ಯಾವುದೋ ಕಂಪನಿಯವನೊಬ್ಬ ಬಂದು, ಹಲಗೆಯನ್ನು ಬೆರಳಲ್ಲಿ ಕುಟ್ಟಿ, ಮೂಸಿ, ಅಗಲ ಅಳೆದು, ಬಾಯಿ ಬಿಡದೆ ಹೋದ. ರತ್ನ ಡಿಗ್ರಿ ಓದಿದವಳು, ಸಂಘದ ಕಾಗದಪತ್ರ ನೋಡುವವಳು. “ಅಜ್ಜಿ, ಅವನು ತನ್ನದಂತ ಬರೆಸ್ಕೊಳ್ಳೋದ್ರೊಳಗೆ ನಾವು ಬರೆಸ್ಬೇಕು” ಎಂದಳು. ಪೇಟೆಂಟು ಎಂಬ ಪದ ನನ್ನ ಕಿವಿಗೆ ಬಿದ್ದದ್ದು ಆಗಲೇ.

ಚಳ್ಳಕೆರೆಯ ಲಾಯರಪ್ಪ ಹತ್ತಾರು ಹಾಳೆ ಇಂಗ್ಲಿಷಿನಲ್ಲಿ ಟೈಪು ಮಾಡಿಸಿ, “ಇಲ್ಲೊಂದು ರುಜು ಹಾಕ್ರಿ ಅಜ್ಜಿ” ಎಂದು ಪೆನ್ನು ಚಾಚಿದ. ಕಂಬಳಿ ಹಿಡಿದು ನಿಂತ ಸೊಸೆ ನನ್ನೊಳಗೆ ಎಚ್ಚರಾದಳು. ಓದಿ ಅರ್ಥ ಹೇಳು ಎಂದು ಜೊತೆಗಿದ್ದ ರತ್ನಳಿಗೆ ಅಂದೆ. ಇದು ನಮ್ಮದು ಎಂದು ಹಕ್ಕು ಹೇಳುವ ಸಾಲಿಗೆ ರತ್ನ ಬಂದಳು. ಉಣ್ಣೆ ಮತ್ತು ಗಂಜಿಯ ‘ಕೋಟಿಂಗ್’ ಉಳ್ಳ ಗೋಡೆ ಎಂದಿತ್ತು.

“ಕೋಟಿಂಗ್ ಅಂದ್ರೇನಪ್ಪಾ?”

“ಬಣ್ಣ ಬಳೀತಾರಲ್ಲ ಅಜ್ಜಿ, ಹಂಗೆ. ಮೇಲೆ ಹಾಕೋದು.”

“ನಾನು ಎಲ್ಲಿ ಬಳಿದೆ? ನಾನು ಹೊದಿಸಿದ್ದು!”

“ಎರಡೂ ಒಂದೇ ಬಿಡ್ರಿ, ಹಾಕೋದು ತಾನೇ.”

ಹಾಕೋದು! ಒಂದೇ ಅಂತೆ! ಹಾಗಾದರೆ ನೀನು ಚಳಿಗೆ ಕಂಬಳಿ ಹೊದೆಯುತ್ತೀಯೋ, ಮೈಗೆ ಸುಣ್ಣ ಬಳಿದುಕೊಳ್ಳುತ್ತೀಯೋ ಎಂದು ಕೇಳಿದೆ. ಸೆಗಣಿ ಸಾರಿಸುವುದು, ಮಣ್ಣು ಮೆತ್ತುವುದು, ಸುಣ್ಣ ಬಳಿಯುವುದು, ಇವೆಲ್ಲ ಹಸಿಯಾಗಿ ಹೋಗಿ ಗೋಡೆಯ ಮೈಯಲ್ಲೇ ಒಣಗಿ ಅಂಟುವ ಕೆಲಸ. ಕೆರೆದರೆ ಗೋಡೆಯೂ ಕಿತ್ತು ಬರುತ್ತದೆ. ನನ್ನ ಹಲಗೆ ಅಂಗಳದಲ್ಲಿ ಒಣಗಿ, ತನ್ನ ಕಾಲ ಮೇಲೆ ತಾನು ನಿಂತು, ಆಮೇಲೆ ಗೋಡೆಗೆ ಬಂದದ್ದು. ನಾಳೆ ಆ ಮೂಸಿ ನೋಡಿದವನು ಇದೇ ಹಲಗೆ ಕಟ್ಟಿ, ‘ನಾನು ಕಟ್ಟಿದ್ದೇನೆ, ನಿಮ್ಮದು ಬಳಿದದ್ದು’ ಎಂದರೆ ಏಳು ಹೆಂಗಸರ ಕೆಲಸ ಯಾವ ಗಾಳಿಗೆ ಹೋಗಬೇಕು? ಅರ್ಜಿ ಕೊಟ್ಟ ಮೇಲೆ ಮಾತು ಹಿಗ್ಗಿಸಲು ಬರುವುದಿಲ್ಲವೆಂದು ಲಾಯರಪ್ಪನೇ ಹೇಳಿದ್ದ. ಹಾಗೆ ಹೇಳಿಯೂ ನಮ್ಮ ಕೆಲಸಕ್ಕೆ ಬೇರೆಯದರ ಹೆಸರಿಟ್ಟಿದ್ದ!

ಲಾಯರಪ್ಪನ ಮುಖ ಬದಲಾಯಿತು. ನಾಚಿಕೆಯೋ ಭಯವೋ ನಾನು ಕೇಳಲಿಲ್ಲ. ಆಮೇಲೆ ಅವನು ವಿವರಿಸಿದ್ದನ್ನು ಕೇಳಿ ನನ್ನ ಸಿಟ್ಟು ಇಮ್ಮಡಿಯಾಯಿತು, ಏಕೆಂದರೆ ಅವನಿಗೆ ಎಲ್ಲ ಗೊತ್ತಿತ್ತು. ಬಳಿದು ಅಂಟಿದರೆ ಕೋಟಿಂಗ್. ರವಿಕೆಯ ಅಸ್ತರಿನಂತೆ ಒಳಗಿದ್ದರೆ ಲೈನಿಂಗ್. ಬೇರೆಡೆ ತಯಾರಾಗಿ ಬಂದು ಹೊರಮೈಗೆ ಕವಚವಾದರೆ ಕ್ಲ್ಯಾಡಿಂಗ್. ಬರೀ ಕವರಿಂಗ್ ಎಂದರೆ ಕೊಡೆ, ಚಪ್ಪರ, ಬುಟ್ಟಿ ಎಲ್ಲವೂ ನುಗ್ಗುತ್ತವೆ. ನೋಡಿ, ಪೇಟೆಂಟಿನ ಇಂಗ್ಲಿಷಿಗೂ ನಮ್ಮತ್ತೆಯ ಕಟ್ಟುನಿಟ್ಟೇ ಇದೆ! ಉಡುವುದನ್ನು ತೊಡುವುದರ ಜಾಗದಲ್ಲಿ ಇಟ್ಟರೆ ಅದೂ ಸೌಟೆತ್ತುತ್ತದೆ. ಹಾಳು ಮಾಡಿದ್ದು ಭಾಷೆಯಲ್ಲ, ಕೈಗೆ ಸಿಕ್ಕ ಪದವನ್ನು ಎತ್ತಿ ಇಟ್ಟ ಈ ಸೋಮಾರಿ.

“ಇದರಲ್ಲಿ ಒಂದು ಅನುಕೂಲ ಐತೆ ಅಜ್ಜಿ,” ಎಂದ ಮೆತ್ತಗೆ. “ಪದಕ್ಕೆ ಏನರ್ಥ ಅಂತ ನಾವೇ ಇದರೊಳಗೆ ಬರೀಬಹುದು.”

“ನಾನು ಹೇಳ್ತೀನಿ, ನೀನು ಬರಿ.”

ಹೀಗೆ ಬರೆಸಿದೆ: ಈ ಬರಹದಲ್ಲಿ ಹೊದಿಕೆ ಎಂದರೆ ಬೇರೆ ಕಡೆ ಮಾಡಿ ಒಣಗಿಸಿ ತಂದು ಗೋಡೆಗೆ ಹೊರಗಿನಿಂದ ಕಟ್ಟಿದ್ದು, ಗೋಡೆಗೆ ಅಂಟದ್ದು, ಬಿಚ್ಚಿದರೆ ಇಡಿಯಾಗಿ ಬರುವಂಥದ್ದು, ಮತ್ತೆ ಕಟ್ಟಿದರೆ ಕೂರುವಂಥದ್ದು. ಹೊದಿಕೆಗೆ ಕ್ಲ್ಯಾಡಿಂಗ್ ಎಂದಿಟ್ಟು ರತ್ನ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು, ಲಾಯರಪ್ಪ ಟೈಪು ಮಾಡಿದ. ನಿಘಂಟನ್ನು ಕಣ್ಣಲ್ಲಿ ಕಾಣದವಳು ಒಂದು ಪದಕ್ಕೆ ಅರ್ಥ ಕೊಟ್ಟೆ. ಹೆಮ್ಮೆಪಡಲು ಸಿಟ್ಟು ಬಿಡುವು ಕೊಡಲಿಲ್ಲ.

ಮಧ್ಯಾಹ್ನಕ್ಕೆ ಹೊಸ ಹಾಳೆಗಳು ಬಂದವು. “ಎಲ್ಲಾ ತಿದ್ದೀನಿ, ರುಜು ಮಾಡ್ರಿ” ಎಂದ. ಇಂಗ್ಲಿಷ್ ಬಾರದ ನನಗೆ ಕೋಟಿಂಗ್, ಕ್ಲ್ಯಾಡಿಂಗ್ ಎರಡೂ ಪದಗಳನ್ನು ದಪ್ಪಕ್ಷರದಲ್ಲಿ ಬರೆದು ತೋರಿಸು ಎಂದೆ. ಎರಡರ ತಲೆಯೂ ಒಂದೇ, ಬಾಲವೂ ಒಂದೇ. ಆದರೆ ಕ್ಲ್ಯಾಡಿಂಗಿನ ಅಕ್ಷರಗಳಲ್ಲಿ ಮೂರು ಎತ್ತರದ ಕಂಬ, ಕೋಟಿಂಗಿಗೆ ಮಧ್ಯೆ ಒಂದೇ ಒಂದು ಗಿಡ್ಡ ಗೂಟ. ಅಷ್ಟು ಸಾಕು. ಹಗ್ಗ ಕಟ್ಟುವವಳಿಗೆ ಕಂಬ ಎಣಿಸಲು ಬರುವುದಿಲ್ಲವೇ? ಒಂದೊಂದೇ ಸಾಲಿನ ಮೇಲೆ ಬೆರಳು ಎಳೆಯುತ್ತಾ ಹೋದೆ. ಫ್ಯಾನು ತಿರುಗುತ್ತಿತ್ತು, ಅವನು ಗಡಿಯಾರ ನೋಡುತ್ತಿದ್ದ. ಕೊನೆಯ ಹಾಳೆಯಲ್ಲಿ, ಕೆಳಗಿನಿಂದ ಮೂರನೇ ಸಾಲಿನಲ್ಲಿ, ಕಂಬಗಳಿಲ್ಲದೆ ಒಂಟಿ ಗೂಟವೊಂದು ಅಡಗಿ ಕೂತಿತ್ತು.

“ಇದನ್ನ ಯಾರಪ್ಪ ಬಳಿದೋರು?” ಎಂದೆ.

ಅವನು ಕಂಪ್ಯೂಟರಿನ ಕಡೆ ತಿರುಗಿದ. ಆ ಹಾಳೆ ಮತ್ತೆ ಬಂತು, ಮೂರು ಕಂಬಗಳೊಂದಿಗೆ.

“ಕನ್ನಡಕ ಹಾಕ್ಕಂಡು ರುಜು ಮಾಡಜ್ಜಿ,” ಎಂದಳು ರತ್ನ. ಬೇಕೆಂದೇ ಅಂದಳು ಹಡಬೆ. ನಾನು ಪದ ಹುಡುಕುವಾಗ ಅದು ಮೂಗಿನ ತುದಿಗೆ ಜಾರಿತ್ತು.

“ಹಾಕ್ಕೊಳ್ಳೋದಲ್ಲ ಕಣೇ, ಏರಿಸೋದು,” ಎಂದೆ. ಏರಿಸಿ, ರುಜು ಮಾಡಿದೆ.