ಗೋಡೆ ಬೆವರಿದ್ದು ಯಾಕೆ

೧೯೩೬ರ ಬೇಸಿಗೆಯಲ್ಲಿ ಸೇಲಂನ ಒಂದು ಐಸ್ ಕಾರ್ಖಾನೆಯ ಉಗ್ರಾಣದ ಹೊಸ ಗೋಡೆ ಬೆವರಿತು. ಎರಡು ಸಾಲು ಹಲಗೆಗಳ ನಡುವೆ ಬತ್ತದ ಹೊಟ್ಟು ತುಂಬಿ ಕಟ್ಟಿದ ಗೋಡೆ ಅದು. ಒಳಗಿನ ಐಸ್ ಎಂದಿಗಿಂತ ಬೇಗ ಕರಗುತ್ತಿತ್ತು. ಹೊಟ್ಟು ತುಂಬಿದವಳು ನೇಕಾರರ ಕೇರಿಯ ಚೆಲ್ಲಮ್ಮ.

"ನಿನ್ ಕೈ ತಲೆದಿಂಬು ತುಂಬಕ್ಕೇ ಸರಿ," ಎಂದ ಮೇಸ್ತ್ರಿ ಅರುಣಾಚಲಂ, ಎಲ್ಲರೆದುರಿಗೆ. "ಸುಮ್ಮಾ ಸಡಿಲ ಬಿಟ್ಟಿದೀಯ. ನಾಳೆಯಿಂದ ಬರ್ಬೇಡ."

ಚೆಲ್ಲಮ್ಮನಿಗೆ ಮೈಯೆಲ್ಲ ಉರಿಯಿತು. ಮೊಳಮೊಳಕ್ಕೂ ಒನಕೆಯಲ್ಲಿ ಜಡಿದು ತುಂಬಿದ್ದಳು.

"ಸಡಿಲಾನಾ? ಹಲಗೆ ಬಿಚ್ಚಿ ನೋಡು, ಮೇಸ್ತ್ರಣ್ಣಾ!"

"ನೋಡೋದೇನ್ ಐತೆ? ನೀರೇ ಸಾಕ್ಷಿ ಏಳ್ತಾ ಐತಲ್ಲ."

"ಅಂಗಾದ್ರೆ ನೀರನ್ನೇ ಕೇಳಾಣ!"

ತಾನೇ ಒಂದು ಹಲಗೆ ಕಿತ್ತಳು. ಹೊಟ್ಟು ಬಿಗಿಯಾಗಿಯೇ ಇತ್ತು. ಆದರೆ ಅಂಗೈಗೆ ತೇವ ತಗುಲಿತು. ಒಂದೇ ಅಳತೆಯ ಎರಡು ಮರದ ಪೆಟ್ಟಿಗೆ ತಂದಳು. ಒಂದೊಂದರ ನಡುವೆ ಒಂದು ತಗಡಿನ ಡಬ್ಬಿ, ಡಬ್ಬಿಯಲ್ಲಿ ತೂಕ ಮಾಡಿದ ಐಸ್, ಸುತ್ತ ನಾಲ್ಕು ಬೆರಳು ಹೊಟ್ಟು. ಒಂದಕ್ಕೆ ಗೋಡೆಯದು, ಇನ್ನೊಂದಕ್ಕೆ ಬಿಸಿಲಲ್ಲಿ ಒಣಗಿದ್ದು. ಜಡಿದದ್ದು ಒಂದೇ ಬಿಗಿ, ಇಟ್ಟದ್ದು ಒಂದೇ ನೆರಳು. ಮೂರು ಗಂಟೆ ಅಲ್ಲಿಂದ ಕದಲಲಿಲ್ಲ. ಅರುಣಾಚಲಂ ಎಲೆಯಡಿಕೆ ಜಗಿಯುತ್ತ ಕೂತಿದ್ದ.

ಕರಗಿದ ನೀರನ್ನು ಸೋಸಿ ಅಳೆದಾಗ ಒಣ ಹೊಟ್ಟಿನದು ಒಂದು ಪಾವು, ಗೋಡೆಯದು ಎರಡೂವರೆ.

"ನೋಡು! ಸಡಿಲ ಅಲ್ಲ, ನೆಂದೈತೆ. ಶೆಕೆ ಒಳಕ್ಕೆ ಓಗ್ತಿರೋದು ಅದ್ರಿಂದ."

"ಶರಿ. ನೆನೆಸಿದ್ದು ಯಾರು?"

ಚೆಲ್ಲಮ್ಮನ ಮನೆಯಲ್ಲಿ ಬಿಸಿಗಾಳಿ ಬೀಸಿದ ದಿನ ನೂಲು ಹರಿಯದಿರಲೆಂದು ಮಗ್ಗದ ಗುಂಡಿಗೆ ನೀರು ಚಿಮುಕಿಸುವುದು ರೂಢಿ. ಇಲ್ಲಿಯೂ ದೂಳು ಏಳದಿರಲೆಂದು ಅದೇ ಕೈ ದಿನವೂ ಹೊಟ್ಟಿನ ರಾಶಿಗೆ ಚಿಮುಕಿಸಿತ್ತು. ಅಷ್ಟು ಹೊತ್ತು ಮೇಸ್ತ್ರಿಯ ಮೇಲಿದ್ದ ಸಿಟ್ಟು ತಿರುಗಿ ತನ್ನನ್ನೇ ಕಚ್ಚಿತು.

"ನಾನೇ!" ಎಂದು ಕಿರುಚಿದಳು. "ಮಗ್ಗದೋರ ಕೈ, ಚಿಮುಕಿಸ್ತು. ಪಂಚೆಗೆ ದೂಳು ಆಗ್ಲಿಲ್ಲ ಅಂತ ನೀನು ಪಕ್ಕದಾಗೇ ನಿಂತು ನಗ್ತಿದ್ದೆ. ನಿಂಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ನಾನು ಅಳೆದು ತಿಳ್ಕೊಂಡೆ. ನೀನೇನ್ ಅಳೆದೆ? ನನ್ನ ಓಡ್ಸು, ನಾಳೆ ಬರೋಳೂ ಚಿಮುಕಿಸ್ತಾಳೆ!"

ಅರುಣಾಚಲಂ ಎಲೆಯಡಿಕೆ ಉಗಿದ. "ಒಣಗ್ಸಿ ತುಂಬೋಗು," ಎಂದ.

ನಾಲ್ಕು ದಿನ ಕಾರ್ಖಾನೆಯ ಸುಡುವ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಹೊಟ್ಟು ಕೆದರಿದಳು. ಗೋಡೆ ಮತ್ತೆ ಬೆವರಲಿಲ್ಲ. ಅಂದಿನಿಂದ ಹೊಸ ಹೊಟ್ಟಿನ ಗಾಡಿ ಬಂದಾಗಲೆಲ್ಲ ಡಬ್ಬಿಯಲ್ಲಿ ಐಸ್ ಇಟ್ಟು ನೋಡದೆ ಒಂದು ಮೂಟೆಯನ್ನೂ ಇಳಿಸಿಕೊಳ್ಳುತ್ತಿರಲಿಲ್ಲ. ಊಟ ಮುಗಿಸಿ ಕೈ ತೊಳೆದು ಹೊಟ್ಟಿನ ಹತ್ತಿರ ಬಂದವನು ಮೇಸ್ತ್ರಿಯೇ ಆದರೂ ಅದೇ ಗುಡುಗು:

"ಕೈ ಒರೆಸ್ಕೊಂಡ್ ಬಾ!"