ಮುಂದಿನ ಬ್ರೇಕು, ಹಿಂದಿನ ಸೀಟು

ಇಪ್ಪತ್ತೆರಡು ವರ್ಷ ಮೋಟರ್ ಸೈಕಲ್ ಮೇಲೆ ಮೊಟ್ಟೆ ಸಾಗಿಸಿದವನ ಎದುರು ಹುಷಾರಾಗಿ ಗಾಡಿ ಓಡಿಸುವ ಬಗ್ಗೆ ಬುದ್ಧಿ ಹೇಳಲು ಯಾರಿಗೆ ತಾನೇ ಬಾಯಿ ಬಂದೀತು? ಬರಬಾರದು ಎಂಬುದು ಮೊಟ್ಟೆಯಣ್ಣನ ಅಭಿಪ್ರಾಯ. ಒಂದು ಟ್ರೇಗೆ ಮೂವತ್ತು ಮೊಟ್ಟೆ, ಒಂದು ಟ್ರಿಪ್ಪಿಗೆ ಇಪ್ಪತ್ತನಾಲ್ಕು ಟ್ರೇ. ಇಷ್ಟನ್ನು ಹಿಂದಿನ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿ, ಅಡಿಗೆ ಗೋಣಿಚೀಲ ಹಾಸಿ, ಹಳೆಯ ಟ್ಯೂಬಿನ ಪಟ್ಟಿಗಳಿಂದ ಬಿಗಿದು ಅವನು ಕೋಳಿ ಫಾರಂನ ಗೇಟು ದಾಟಿದನೆಂದರೆ ಮುಂದೆ ರಸ್ತೆಯ ಹಂಪುಗಳೇ ಅವನಿಗೆ ದಾರಿ ಬಿಡಬೇಕು. ಮುಂದಿನ ತಿರುವಿನಲ್ಲಿ ಎಮ್ಮೆ ಅಡ್ಡ ಬರಬಹುದು ಎಂದು ಹಿಂದಿನ ತಿರುವಿನಲ್ಲೇ ಯೋಚಿಸಿ ಆಕ್ಸಿಲರೇಟರ್ ಇಳಿಸುವವನು ಅವನು. ಬೇಕರಿಯವರು, ಹೋಟೆಲಿನವರು, ಹಾಸ್ಟೆಲಿನ ಅಡುಗೆಯವರು ಟ್ರೇ ಎತ್ತಿ ಎತ್ತಿ ನೋಡಿ ಸೋತು ಹೋಗಿದ್ದರು. ಬಿರುಕು ಬಿಟ್ಟ ಮೊಟ್ಟೆ ಒಂದೂ ಸಿಗುತ್ತಿರಲಿಲ್ಲ.

ಈ ಕೀರ್ತಿಯನ್ನು ಬೇರೆಯವರು ಹೇಳಲಿ ಎಂದು ಕಾಯುವಷ್ಟು ತಾಳ್ಮೆ ಅವನಿಗಿರಲಿಲ್ಲ. ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಹೆಲ್ಮೆಟ್ಟನ್ನು ಕಿರೀಟದ ಹಾಗೆ ತೊಡೆಯ ಮೇಲಿಟ್ಟುಕೊಂಡು, ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬ ಸವಾರನಿಗೂ ಅವನು ಅಂಕ ಕೊಡುತ್ತಿದ್ದ. ಯಾರೂ ಪಾಸಾಗುತ್ತಿರಲಿಲ್ಲ.

ಇಂಥವನ ಹೆಂಡತಿ ಮೂರು ವಾರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದಳು.

ಅವಳಿಗೆ ಊರಿನ ಆ ತುದಿಯ ಗಾರ್ಮೆಂಟ್ಸಿನಲ್ಲಿ ಕೆಲಸ. ದಿನಕ್ಕೆ ಇನ್ನೂರು ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಅವನು ಮೊಟ್ಟೆಯೆಲ್ಲ ಇಳಿಸಿ ಮನೆಗೆ ಬಂದು, ಚೌಕಟ್ಟು ಬಿಚ್ಚಿಟ್ಟು, ಅವಳನ್ನು ಹಿಂದೆ ಕೂರಿಸಿಕೊಂಡು ಹೋಗಿ ಬಿಡುವುದು ವರ್ಷಗಟ್ಟಲೆಯ ಪದ್ಧತಿ. ಆದರೆ ಚೌಕಟ್ಟು ಬಿಚ್ಚಿದ ಗಳಿಗೆಯಿಂದ ಅವನು ಬೇರೆಯೇ ಮನುಷ್ಯ. ಮೂರು ಗಂಟೆ ಹೊತ್ತು ಉಸಿರು ಬಿಗಿ ಹಿಡಿದವನು ಒಮ್ಮೆಲೇ ಉಸಿರು ಬಿಟ್ಟಂತೆ ಗಾಡಿ ಹಾರುತ್ತಿತ್ತು. ಹಂಪುಗಳು ಬಂದದ್ದು ಹೆಂಡತಿಯ ಸೊಂಟಕ್ಕೆ ಗೊತ್ತಾಗುತ್ತಿತ್ತೇ ಹೊರತು ಅವನಿಗಲ್ಲ. ಹೆಲ್ಮೆಟ್ಟು ಅವನ ತಲೆಗೊಂದೇ; ಅವಳ ತಲೆಗೆ ಬೀಸುವ ಗಾಳಿ.

ಮೂರು ವಾರದ ಹಿಂದೆ ಒಂದು ಬೆಳಿಗ್ಗೆ ಮುಂದೆ ಹೋಗುತ್ತಿದ್ದ ಹಾಲಿನ ವ್ಯಾನು ಗಕ್ಕನೆ ನಿಂತಿತು. ಮೊಟ್ಟೆಯಣ್ಣ ಕಾಲಿನ ಬ್ರೇಕು ಒತ್ತಿದ. ಹಿಂದಿನ ಚಕ್ರ ಕಟ್ಟಿ ಹಾಕಿದ ಹಾಗೆ ನಿಂತಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಹಾವಿನಂತೆ ಹೊರಳಿ, ಕಿರ್ರೋ ಎಂದು ಜಾರಿ, ವ್ಯಾನಿನ ಹಿಂಬದಿಗೆ ಮಡ್‌ಗಾರ್ಡ್ ತಾಗಿಸಿಯೇ ವಿಶ್ರಮಿಸಿತು. ಯಾರಿಗೂ ಗಾಯವಾಗಲಿಲ್ಲ. ಅವಳ ಊಟದ ಡಬ್ಬಿ ಉರುಳಿ ಚರಂಡಿ ಸೇರಿತು. ಅವಳು ಇಳಿದು, ಕೈಚೀಲದ ಧೂಳು ಒರೆಸಿಕೊಂಡು, ಗಂಡನ ಮುಖ ನೋಡಿ ಒಂದೇ ಮಾತು ಕೇಳಿದಳು.

"ಹಿಂದೆ ಮೊಟ್ಟೆ ಇದ್ದಿದ್ರೆ ಹೀಗೆ ಬರ್ತಿದ್ರಾ?"

ಉತ್ತರಕ್ಕೆ ಕಾಯದೆ ಬಸ್ ಸ್ಟಾಪಿನತ್ತ ನಡೆದಳು. ಮರುದಿನವೂ ನಡೆದಳು. ಎರಡು ಬಸ್ಸು ಬದಲಿಸಬೇಕಾದ್ದರಿಂದ ಏಳೂ ಇಪ್ಪತ್ತಕ್ಕೇ ಹೊರಡುತ್ತಿದ್ದಳು. ಮೊಟ್ಟೆಯಣ್ಣ ಎಂಟಕ್ಕೆ ಮನೆಗೆ ಬಂದರೆ ಸ್ವಾಗತಕ್ಕೆ ಬೀಗ, ಕಿಟಕಿಯ ಪಕ್ಕ ಫ್ಲಾಸ್ಕಿನಲ್ಲಿ ಚಹಾ. ಜಗಳ ಆಡಿದ್ದರೆ ಅವನು ಗೆದ್ದೋ ಸೋತೋ ಬಿಡುತ್ತಿದ್ದ. ಅವಳು ಜಗಳವನ್ನೇ ಆಡಲಿಲ್ಲ. ಊಟ ಬಡಿಸುವಾಗ ನಗುತ್ತಲೇ ಮಾತಾಡುತ್ತಿದ್ದಳು. ಗಾಡಿಯ ಮಾತು ಬಂದರೆ ಮಾತ್ರ ಕಿವುಡಿಯಾಗುತ್ತಿದ್ದಳು.

ಚಹಾ ಅಂಗಡಿಯಲ್ಲಿ ಅವನು ವ್ಯಾನಿನವನ ಮೇಲೂ ಹೆಂಗಸರ ಗಾಬರಿಯ ಮೇಲೂ ಸಮವಾಗಿ ತಪ್ಪು ಹೊರಿಸಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ಆದರೆ ಬೇಕರಿಯವನು ಟ್ರೇ ಇಳಿಸಿಕೊಳ್ಳುತ್ತಾ, ಅತ್ತಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾರಂತಲ್ಲ, ಗಾಡಿಯಲ್ಲಿ ಸೀಟು ಖಾಲಿ ಇರಲಿಲ್ಲವೇ ಎಂದು ವಿಚಾರಿಸಿದ. ಹಾಸ್ಟೆಲಿನ ಅಡುಗೆಯವಳೂ ಅದನ್ನೇ ಕೇಳಿದಳು. ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಅವನ ಪಕ್ಕದಲ್ಲೇ ಬಸ್ಸು ಬಂದು ನಿಂತಿತು. ಮೇಲಿನ ಕಿಟಕಿಯಲ್ಲಿ ಹೆಂಡತಿ. ಅವನು ತಲೆಯೆತ್ತಿ ನೋಡಿದ. ಅವಳು ಬಹಳ ಆಸಕ್ತಿಯಿಂದ ಆಚೆ ಬದಿಯ ಕಿಟಕಿಯನ್ನು ನೋಡುತ್ತಿದ್ದಳು, ಅಲ್ಲೊಂದು ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಹಸಿರು ಬಿದ್ದು ಬಸ್ಸು ಹೊರಟರೂ ಮೊಟ್ಟೆಯಣ್ಣ ಅಲ್ಲೇ ನಿಂತಿದ್ದ. ಊರಿನವರ ಮಾತು ಹಾಳಾಗಿ ಹೋಗಲಿ, ಅವಳು ಮತ್ತೆ ಬಂದು ಹಿಂದೆ ಕೂರಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಸೊಟ್ಟಗಾದ ಮಡ್‌ಗಾರ್ಡ್ ಕಣ್ಣಿಗೆ ಬೀಳದಿದ್ದರೆ ಅವಳು ಮರೆತಾಳು ಎಂದು ಲೆಕ್ಕ ಹಾಕಿ ಅವನು ಗಾಡಿಯನ್ನು ಮೆಕ್ಯಾನಿಕ್ಕನ ಬಳಿ ಒಯ್ದ. ಮೆಕ್ಯಾನಿಕ್ ಅರವತ್ತು ದಾಟಿದ ಮಿತಭಾಷಿ, ಮಾತಿಗಿಂತ ಗ್ರೀಸು ಹೆಚ್ಚು. ಮಡ್‌ಗಾರ್ಡ್ ತಟ್ಟಿ ನೇರ ಮಾಡಿ, ಅಭ್ಯಾಸಬಲದಿಂದ ಮುಂದಿನ ಬ್ರೇಕಿನ ಲಿವರ್ ಹಿಡಿದ. ಅದು ಅಲುಗಲಿಲ್ಲ. ಎರಡೂ ಕೈಯಿಂದ ಹಿಡಿದ. ಕೇಬಲ್ಲು ಕವಚದೊಳಗೇ ತುಕ್ಕು ಹಿಡಿದು ಕಡ್ಡಿಯಾಗಿತ್ತು.

ಇದನ್ನು ಕೊನೆಯ ಸಲ ಹಿಡಿದದ್ದು ಯಾವಾಗ ಎಂದು ಅವನು ಕೇಳಿದಾಗ ಮೊಟ್ಟೆಯಣ್ಣನಿಗೆ ನಗು ಬಂತು. ಮೊಟ್ಟೆಯ ಕಸುಬಿನವರು ಮುಂದಿನ ಬ್ರೇಕು ಮುಟ್ಟುವುದುಂಟೇ? ಅದನ್ನು ಹಿಡಿದರೆ ಗಾಡಿ ಮೂಗು ಬಗ್ಗಿಸುತ್ತದೆ, ಟ್ರೇಗಳು ಮುಂದಕ್ಕೆ ತಲೆ ಹಾಕುತ್ತವೆ, ಅಡಿಯ ಟ್ರೇ ಪಾಯಸ. ಅವನಿಗೆ ಕಸುಬು ಕಲಿಸಿದ ದೊಡ್ಡಪ್ಪ ಮೊದಲ ದಿನವೇ ಆ ಲಿವರಿಗೆ ಬಟ್ಟೆ ಸುತ್ತಿಟ್ಟಿದ್ದನಂತೆ. ಹಿಂದಿನದನ್ನು ಹೂವಿನ ಹಾಗೆ ಒತ್ತು, ಸಾಕು ಎಂದಿದ್ದನಂತೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಮೊಟ್ಟೆ—

ಮೆಕ್ಯಾನಿಕ್ ಕೈಯೆತ್ತಿ ತಡೆದ.

"ಮೊಟ್ಟೆ ಹೇರ್ಕೊಂಡು ನೀನು ನಡೆಯೋರ ಜೊತೆ ಹೋಗ್ತೀಯ ಮಾರಾಯ. ಆ ವೇಗಕ್ಕೆ ಚಪ್ಪಲಿ ಉಜ್ಜಿದ್ರೂ ಗಾಡಿ ನಿಲ್ಲುತ್ತೆ. ಹೆಂಡ್ತೀನ ಕೂರಿಸ್ಕೊಂಡು ಹೇಗೆ ಹೋಗ್ತೀಯ, ಅದು ಹೇಳು."

ಮೊಟ್ಟೆಯಣ್ಣ ನೇರವಾದ ಮಡ್‌ಗಾರ್ಡನ್ನು ಇನ್ನೊಮ್ಮೆ ಒರೆಸಿದ. ಮೆಕ್ಯಾನಿಕ್ ತನ್ನ ಜೀವಮಾನದ ಅತಿ ಉದ್ದದ ಭಾಷಣ ಮಾಡಿದ. ಓಡುವ ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಅದು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಿಂದಿನದು ಹಗುರವಾಗುತ್ತದೆ, ಜೋರಾಗಿ ಒತ್ತಿದರೆ ತಿರುಗುವುದು ನಿಂತು ಜಾರುತ್ತದೆ. ಹಾಲಿನ ವ್ಯಾನಿನ ಹಿಂದೆ ಆದದ್ದು ಅದೇ. "ಗಾಡಿ ನಿಲ್ಸೋದು ಮುಂದಿಂದು. ಹಿಂದಿಂದು ಹೂಂ ಅನ್ನೋಕೆ."

ಇಷ್ಟು ವರ್ಷ ಅರ್ಧಕ್ಕಿಂತ ಕಡಿಮೆ ಬ್ರೇಕಿನಲ್ಲಿ ಹೆಂಡತಿಯನ್ನು ಹಾರಿಸಿಕೊಂಡು ಹೋಗುತ್ತಿದ್ದೆ ಎಂಬುದು ಮೊಟ್ಟೆಯಣ್ಣನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವನು ಚಹಾ ತರಿಸಿ, ಕುಡಿಯುವುದನ್ನು ಮರೆತ.

ಹೊಸ ಕೇಬಲ್ಲು, ಹೊಸ ಲೈನರ್ ಬಿತ್ತು. ಆದರೆ ಗಾಡಿ ರಿಪೇರಿಯಾದಷ್ಟು ಸುಲಭವಾಗಿ ಸವಾರ ರಿಪೇರಿಯಾಗಲಿಲ್ಲ. ಗೋದಾಮುಗಳ ಹಿಂದಿನ ಖಾಲಿ ಮೈದಾನದಲ್ಲಿ ಮೆಕ್ಯಾನಿಕ್ ಸುಣ್ಣದಿಂದ ಒಂದು ಗೆರೆ ಎಳೆದು, ಇಲ್ಲಿ ಬ್ರೇಕು ಹಿಡಿ ಎಂದ. ಹತ್ತು ಹೆಜ್ಜೆ ಆಚೆ ಇನ್ನೊಂದು ಗೆರೆ ಎಳೆದು, ಇದರೊಳಗೆ ನಿಲ್ಲಿಸು ಎಂದ. ಮೊದಲ ದಿನ ಮೊಟ್ಟೆಯಣ್ಣನ ಬಲಗೈಯ ನಾಲ್ಕು ಬೆರಳುಗಳು ಮುಷ್ಕರ ಹೂಡಿದವು. ಕಾಲು ಮಾತ್ರ ಸ್ವಾಮಿನಿಷ್ಠೆಯಿಂದ ಒತ್ತಿ ಒತ್ತಿ ಮೈದಾನದ ತುಂಬ ಧೂಳೆಬ್ಬಿಸಿತು. ಎರಡನೆಯ ದಿನ ಬೆರಳುಗಳು ಒಪ್ಪಿದವು, ಆದರೆ ಲಿವರನ್ನು ಕಳ್ಳನ ಕುತ್ತಿಗೆಯಂತೆ ಹಿಡಿದವು. ಅವನು ಟ್ಯಾಂಕಿನ ಮೇಲೆ ಮುಗ್ಗರಿಸಿದ. ಗಬಕ್ಕನೆ ಹಿಡಿಯಬೇಡ, ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡುತ್ತಾ ಹೋಗು, ಹ್ಯಾಂಡಲ್ ನೇರ ಇರಲಿ, ಮರಳಿನ ಮೇಲೆ, ತಿರುವಿನಲ್ಲಿ ಇದನ್ನು ಮಾಡಬೇಡ, ಮೊದಲೇ ವೇಗ ಇಳಿಸು ಎಂದು ಮೆಕ್ಯಾನಿಕ್ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಾ ಹೇಳುತ್ತಿದ್ದ. ಊರಿಗೆಲ್ಲ ಅಂಕ ಕೊಡುತ್ತಿದ್ದವನಿಗೆ ಈಗ ಅಂಕ ಬೀಳುತ್ತಿತ್ತು. ಆರನೆಯ ದಿನ ಗಾಡಿ ಗೆರೆಯೊಳಗೆ ನಿಂತಿತು.

ಮೆಕ್ಯಾನಿಕ್ ಆಗ ಹೊಸ ತಕರಾರು ತೆಗೆದ. ಒಬ್ಬನೇ ನಿಲ್ಲಿಸುವುದು ಬೇರೆ, ಹಿಂದೆ ಭಾರ ಕೂತಾಗ ನಿಲ್ಲಿಸುವುದು ಬೇರೆ. ಹೆಂಡತಿಯ ತೂಕ ಎಷ್ಟು ಎಂದ.

ಮೊಟ್ಟೆಯಣ್ಣ ಕಣ್ಣು ಮುಚ್ಚಿ ಯೋಚಿಸಿ, "ಮೂವತ್ತಾರು ಟ್ರೇ" ಎಂದ.

ಅಷ್ಟು ತೂಕದ ಮರಳಿನ ಮೂಟೆ ತಯಾರಾಯಿತು. ಅದನ್ನು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿ ಟ್ಯೂಬಿನ ಪಟ್ಟಿಗಳಿಂದ ಬಿಗಿದದ್ದಾಯಿತು. ಅಷ್ಟರಲ್ಲಿ ಅವನು ಹೆಂಡತಿಗೆಂದು ಒಂದು ಕೆಂಪು ಹೆಲ್ಮೆಟ್ಟನ್ನೂ ತಂದಿದ್ದ. ಕೊಡುವ ಧೈರ್ಯ ಸಾಲದೆ ಗಾಡಿಯಲ್ಲೇ ತಗಲಿಸಿಕೊಂಡು ತಿರುಗುತ್ತಿದ್ದ. ನೆಲಕ್ಕೆ ಬಿದ್ದು ಗೀರಾದೀತು ಎಂದು ಅದನ್ನು ಮೂಟೆಯ ತಲೆಗೆ ತೊಡಿಸಿ ಬಕಲ್ ಹಾಕಿದ.

ಮೈದಾನದ ಪಕ್ಕದ ಓಣಿಯಲ್ಲಿ ಗಾರ್ಮೆಂಟ್ಸಿನ ಕಾಜಾ ವಿಭಾಗದವಳೊಬ್ಬಳ ಮನೆ ಇತ್ತು. ದಿನವಿಡೀ ಗುಂಡಿಗೆ ತೂತು ಮಾಡುವವಳಿಗೆ ಗೋಡೆಯ ತೂತಿನಲ್ಲಿ ಇಣುಕುವುದು ಕಷ್ಟವೇ? ಮೂರ್ನಾಲ್ಕು ಸಂಜೆ ನೋಡಿ, ಒಂದು ದಿನ ಊಟದ ಹೊತ್ತಿಗೆ ಅವಳು ಕಾಲರ್ ವಿಭಾಗಕ್ಕೆ ಬಂದು, ಅಕ್ಕಾ, ಹೇಳಬಾರದು, ಆದರೂ ಹೇಳುತ್ತೇನೆ ಎಂದು ಶುರುಮಾಡಿದಳು. ಭಾವ ದಿನಾ ಸಂಜೆ ಗೋದಾಮಿನ ಹಿಂದೆ ಯಾರನ್ನೋ ಕೂರಿಸಿಕೊಂಡು ಸುತ್ತುತ್ತಾರೆ. ಕೆಂಪು ಹೆಲ್ಮೆಟ್ಟು. ಸ್ವಲ್ಪ ದಪ್ಪ. ಒಂದು ಮಾತಿಲ್ಲ ಕತೆಯಿಲ್ಲ, ಭಾವನ ಬೆನ್ನಿಗೆ ಅಂಟಿಕೊಂಡೇ ಕೂತಿರುತ್ತಾಳೆ.

ಅಂದು ಸಂಜೆ ಹೆಂಡತಿ ಎರಡನೆಯ ಬಸ್ಸು ಹತ್ತಲಿಲ್ಲ. ನೇರ ಮೈದಾನಕ್ಕೆ ನಡೆದಳು. ಗಾಡಿ ದೂರದಿಂದ ಓಡಿ ಬಂದು, ಸುಣ್ಣದ ಗೆರೆಯ ಬಳಿ ಮೂಗು ಬಗ್ಗಿಸಿ, ಚೂರೂ ಹೊರಳದೆ ಎರಡನೆಯ ಗೆರೆಯ ಈಚೆಗೇ ನಿಂತಿತು. ಎದುರಿಗೆ ಅವಳು ನಿಂತಿದ್ದಳು. ಮೆಕ್ಯಾನಿಕ್‌ಗೆ ತಕ್ಷಣ ಎಲ್ಲೋ ಒಂದು ತುರ್ತು ಕೆಲಸ ನೆನಪಾಯಿತು.

ಅವಳು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಮೂಟೆಯನ್ನು ಬೆರಳಿಂದ ತಿವಿದಳು.

"ಯಾರು ಇವಳು?"

"ನೀನೇ," ಎಂದ ಮೊಟ್ಟೆಯಣ್ಣ.

ಅವಳು ಮೂಟೆಯ ಸೊಂಟದ ಸುತ್ತಳತೆಯನ್ನು ಕಣ್ಣಲ್ಲೇ ಅಳೆದಳು, ಅಳತೆಯೇ ಅವಳ ಕಸುಬಲ್ಲವೇ. "ಎಷ್ಟು ಟ್ರೇ?"

ಸುಳ್ಳು ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹೇಳಿದ.

"ಮೂವತ್ನಾಲ್ಕು," ಎಂದು ತಿದ್ದಿದಳು ಅವಳು. "ಇನ್ನೂ ಏನಾದ್ರೂ ಹೇಳೋದಿದೆಯಾ?"

ಇತ್ತು. ಇಪ್ಪತ್ತೆರಡು ವರ್ಷ ಬಾಯಿ ತುಂಬ ಮಾತಾಡಿದವನಿಗೆ ಈ ಒಂದು ಮಾತು ಎತ್ತುವುದು ಇಪ್ಪತ್ತನಾಲ್ಕು ಟ್ರೇ ಒಟ್ಟಿಗೆ ಎತ್ತಿದ ಹಾಗಾಯಿತು. ಅವನು ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ವ್ಯಾನಿನವನದಲ್ಲ ಕಣೇ ತಪ್ಪು. ಮುಂದಿನ ಬ್ರೇಕೇ ಇರಲಿಲ್ಲ. ಇಲ್ಲ ಅನ್ನೋದೂ ನನಗೆ ಗೊತ್ತಿರಲಿಲ್ಲ. ಮೊಟ್ಟೆ ಇದ್ದಿದ್ರೆ ಹಾಗೆ ಬರ್ತಿರಲಿಲ್ಲ ನಾನು. ಅದು ನಿಜ."

ಅವಳು ಮೂಟೆಯ ಗದ್ದದ ಕೆಳಗಿನ ಬಕಲ್ ಬಿಚ್ಚಿ ಕೆಂಪು ಹೆಲ್ಮೆಟ್ಟನ್ನು ತೆಗೆದು, ಒಳಗಿನ ಹೊಲಿಗೆಯನ್ನು ಉಗುರಿನಿಂದ ಪರೀಕ್ಷಿಸಿ, ತಲೆಗೆ ಹಾಕಿಕೊಂಡಳು. ಇನ್ನೊಬ್ಬಳನ್ನು ಕೆಳಗಿಳಿಸಿ ಎಂದು ಆಜ್ಞಾಪಿಸಿದಳು. ಅವನು ಟ್ಯೂಬು ಬಿಚ್ಚಿ ಮೂಟೆಯನ್ನು ಇಳಿಸಿ ಕಲ್ಲಿಗೆ ಒರಗಿಸಿದ. ಅವಳು ಹತ್ತಿದಳು. ಎಲ್ಲಿಗೆ ಎಂದು ಅವನು ಕೇಳಿದ್ದಕ್ಕೆ, ಮೊದಲು ಆ ಗೆರೆಗೆ, ಆಮೇಲೆ ನೋಡೋಣ ಎಂದಳು.

ಮೂರು ಸಲ ನಿಲ್ಲಿಸಿ ತೋರಿಸಿದ. ಮೂರನೆಯ ಸಲ ಅವಳು ಮುಂದಿನ ಚಕ್ರಕ್ಕೂ ಗೆರೆಗೂ ನಡುವಿನ ಜಾಗವನ್ನು ಗೇಣಿನಿಂದ ಅಳೆದೂ ನೋಡಿದಳು. ಮನೆಯ ದಾರಿಯಲ್ಲಿ ಪ್ರತಿ ಹಂಪಿಗೂ ಗಾಡಿ ತಗ್ಗಿ ಬಗ್ಗಿ ನಡೆಯಿತು. ಹಿಂದಿನಿಂದ ಸೈಕಲ್ಲಿನವನೊಬ್ಬ ಬೆಲ್ಲು ಬಾರಿಸಿ ಮುಂದೆ ಹೋದ. ಮೊಟ್ಟೆಯಣ್ಣ ಹೋಗಲಿ ಬಿಡು ಎಂದುಕೊಂಡ.

ಮನೆಯ ಮುಂದೆ ಅವಳು ಇಳಿದು ಬೀಗ ತೆಗೆದಳು. ಅವನು ಗಾಡಿಗೆ ಸ್ಟ್ಯಾಂಡ್ ಹಾಕುತ್ತಾ, ಬಹಳ ಸಹಜವಾಗಿ ಕೇಳಿದಂತೆ ಕಾಣಬೇಕೆಂದು ಟೈರನ್ನೇ ನೋಡುತ್ತಾ, ನಾಳೆ ಹೇಗೆ ಎಂದು ಕೇಳಿದ.

"ಎಂಟೂ ಕಾಲಿಗೆ ಹೊರಡೋಣ," ಎಂದಳು ಅವಳು ಹೊಸ್ತಿಲಿನಿಂದ. "ಬಸ್ ಪಾಸು ತಿಂಗಳ ಕೊನೇವರೆಗೂ ಇದೆ. ಅದನ್ನೂ ಚೀಲದಲ್ಲಿ ಇಟ್ಕೊಂಡಿರ್ತೀನಿ."